ಹತ್ತು ನಿಮಿಷದ ಕೊತ್ತಂಬರಿ ಸೊಪ್ಪು ಮತ್ತು ನಮ್ಮ ಬೀದಿಯ ಟ್ರಾಫಿಕ್

ಆನ್‌ಲೈನ್‌ನಲ್ಲಿ ತರಿಸಿಕೊಂಡರೆ ಟ್ರಾಫಿಕ್ ಕಮ್ಮಿ ಆಗುತ್ತದೆ ಅನ್ನೋ ಮಾತು ಈಗಲೂ ಆಗಾಗ ಕಿವಿಗೆ ಬೀಳುತ್ತದೆ. ಆಫೀಸಿನಲ್ಲಿ ಊಟದ ಹೊತ್ತಿಗೆ, ಮದುವೆ ಮನೆಯಲ್ಲಿ, ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ. ಲೆಕ್ಕ ಸುಲಭ. ನಾನು ಚಿಕ್ಕಪೇಟೆಗೆ ಗಾಡಿ ತೆಗೆದುಕೊಂಡು ಹೋಗಲಿಲ್ಲ, ನೀವೂ ಹೋಗಲಿಲ್ಲ, ನಮ್ಮಂಥ ಐವತ್ತು ಮನೆಯ ಸಾಮಾನು ಒಂದೇ ವ್ಯಾನಿನಲ್ಲಿ ಬಂತು, ಅಲ್ಲಿಗೆ ಐವತ್ತು ಗಾಡಿ ರಸ್ತೆಯಿಂದ ಮಾಯ. ಕೇಳೋಕೆ ಚೆನ್ನಾಗಿದೆ. ಹಾಗಿದ್ದರೆ ಬೆಂಗಳೂರಿನ ರಸ್ತೆಗಳು ಇಷ್ಟು ಹೊತ್ತಿಗೆ ಕ್ರಿಕೆಟ್ ಆಡುವಷ್ಟು ಖಾಲಿ ಇರಬೇಕಿತ್ತು, ಅಲ್ವಾ? ಊರೂರಿನ ಟ್ರಾಫಿಕ್ ಅಳೆಯುವ ಟಾಮ್‌ಟಾಮ್ ಕಂಪನಿ 2022ಕ್ಕೆ ಹಾಕಿದ ಲೆಕ್ಕದಲ್ಲಿ ಬೆಂಗಳೂರಿನ ಒಳಭಾಗದಲ್ಲಿ 10 ಕಿಲೋಮೀಟರ್ ಹೋಗೋಕೆ 29 ನಿಮಿಷ 10 ಸೆಕೆಂಡು ಬೇಕಿತ್ತು. ಲಂಡನ್ ಬಿಟ್ಟರೆ ಇಡೀ ಪಟ್ಟಿಯಲ್ಲಿ ನಿಧಾನ ಅಂದರೆ ನಾವೇ. ಆನ್‌ಲೈನ್‌ನಲ್ಲಿ ಸಾಮಾನು ತರಿಸಿಕೊಳ್ಳೋ ಚಾಳಿ ಹಚ್ಚಿದ ಫ್ಲಿಪ್‌ಕಾರ್ಟ್ ಹುಟ್ಟಿದ್ದೂ ಇದೇ ಊರಿನಲ್ಲಿ.

ಈ ಜಾಮ್‌ಗೆಲ್ಲ ಡೆಲಿವರಿ ಗಾಡಿಗಳೇ ಕಾರಣ ಅಂತ ಹೇಳುತ್ತಿಲ್ಲ. ಒಂದು ಕೋಟಿಗೂ ಜಾಸ್ತಿ ವಾಹನ ನೋಂದಣಿ ಆಗಿರೋ ಊರಿಗೆ ಜಾಮ್ ಆಗೋಕೆ ಬೇರೆ ಕಾರಣ ಬೇಕಾಗಿಲ್ಲ. ಆದರೆ ಆ ಐವತ್ತು ಗಾಡಿಯ ಲೆಕ್ಕದಲ್ಲಿ ಒಂದು ದೊಡ್ಡ ತೂತಿದೆ. ಅದು ಹೊರದೇಶದ ಲೆಕ್ಕ. ಅಲ್ಲಿ ಹಾಲಿಗೂ ಕಾರು, ಬ್ರೆಡ್ಡಿಗೂ ಕಾರು. ಅಂಥ ಕಡೆ ಒಂದು ವ್ಯಾನು ಬಂದರೆ ಹಲವು ಕಾರು ಮನೆಯಲ್ಲೇ ಉಳಿಯುವುದು ನಿಜ. ನಮ್ಮಲ್ಲಿ ಹಾಗಿತ್ತಾ? ನಮ್ಮಮ್ಮ ಸೀರೆ ತರೋಕೆ ಮೆಜೆಸ್ಟಿಕ್‌ಗೆ ಬಸ್ಸಿನಲ್ಲಿ ಹೋಗಿ, ಚಿಕ್ಕಪೇಟೆವರೆಗೆ ನಡೆದು, ವಾಪಸ್ ಬಸ್ಸಿನಲ್ಲೇ ಬರುತ್ತಿದ್ದರು. ಸೊಪ್ಪು, ಹಾಲು, ಬೆಂಕಿಪೊಟ್ಟಣಕ್ಕೆ ಮೂಲೆ ಅಂಗಡಿ. ಚಪ್ಪಲಿ ಮೆಟ್ಟಿಕೊಂಡರೆ ಎರಡು ನಿಮಿಷ. ಅಂದರೆ ಡೆಲಿವರಿ ಸ್ಕೂಟರು ಇಲ್ಲಿ ಕಾರಿನ ಜಾಗಕ್ಕೆ ಬರಲಿಲ್ಲ. ಎಷ್ಟೋ ಸಲ ಬಂದಿದ್ದು ನಡಿಗೆಯ ಜಾಗಕ್ಕೆ. ಕಾಲಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ಈಗ ಪೆಟ್ರೋಲು ಬೇಕು, ಹೆಲ್ಮೆಟ್ ಹಾಕಿದ ಒಬ್ಬ ಹುಡುಗ ಬೇಕು, ಅವನು ಗಾಡಿ ನಿಲ್ಲಿಸೋಕೆ ಗೇಟಿನ ಮುಂದೆ ನಾಲ್ಕಡಿ ಜಾಗ ಬೇಕು.

ನನ್ನ ವಾದ ಇಷ್ಟೇ. ಆನ್‌ಲೈನ್ ಖರೀದಿ ರಸ್ತೆಗೆ ಒಳ್ಳೆಯದೋ ಕೆಟ್ಟದ್ದೋ ಅಂತ ಒಂದೇ ಮಾತಿನಲ್ಲಿ ಹೇಳೋಕೆ ಬರುವುದಿಲ್ಲ. ಸಾಮಾನು ಎಷ್ಟು ಬೇಗ ಬೇಕು ಅಂತ ಕೇಳುತ್ತೇವೆ, ಅದರ ಮೇಲೆ ಎಲ್ಲಾ ನಿಂತಿದೆ.

ಮೊದಲು ಸಾಮಾನು ಹೇಗೆ ಬರುತ್ತಿತ್ತು ನೋಡಿ. ಸೂರತ್‌ನಿಂದಲೋ ತಿರುಪ್ಪೂರಿನಿಂದಲೋ ಬಟ್ಟೆಯ ಬೇಲುಗಳು ಲಾರಿಯಲ್ಲಿ ಹೊರಟು ಕಲಾಸಿಪಾಳ್ಯದ ಲಾರಿ ಆಫೀಸಿಗೆ ಬಂದು ಬೀಳುತ್ತಿದ್ದವು. ಅಲ್ಲಿಂದ ಲಗೇಜ್ ಆಟೋ, ತಳ್ಳುಗಾಡಿ, ಹಮಾಲಿಗಳ ಬೆನ್ನು. ಎಲ್‌ಆರ್ ಕಾಪಿ, ಅಂದರೆ ಲಾರಿ ರಸೀದಿ, ತೋರಿಸಿ, ಹಮಾಲಿ ಕೂಲಿ ಕೊಟ್ಟು, ಬೇಲು ಬಿಡಿಸಿಕೊಂಡು ಅಂಗಡಿಯವರು ಮಹಡಿ ಮೇಲಿನ ಗೋಡೌನಿಗೆ ಏರಿಸುತ್ತಿದ್ದರು. ಈಗಲೂ ಏರಿಸುತ್ತಾರೆ, ಆ ಪೇಟೆ ಸತ್ತಿಲ್ಲ. ಹೀಗೆ ಬರುವಾಗ ಸರಕು ಅಂಗಡಿಯವರೆಗೂ ದೊಡ್ಡ ಗಂಟಾಗಿಯೇ ಇರುತ್ತಿತ್ತು. ಒಂದು ಲೋಡು, ಒಂದು ವಿಳಾಸ. ಅಲ್ಲಿಂದ ಮನೆಯವರೆಗಿನ ದಾರಿಯಲ್ಲಿ ಅದನ್ನು ಹೊತ್ತು ತಂದವರು ನಾವು, ಬಿಎಂಟಿಸಿ ಬಸ್ಸಿನಲ್ಲಿ, ತೊಡೆ ಮೇಲೆ ಕವರ್ ಇಟ್ಟುಕೊಂಡು. ಯಾವ ಸರಕು ಸಾಗಣೆಯ ಲೆಕ್ಕಕ್ಕೂ ಅದು ಸಿಗುತ್ತಿರಲಿಲ್ಲ.

ಈಗ ಆ ಗಂಟು ಊರಿನ ಹೊರಗೇ ಬಿಚ್ಚಿಕೊಳ್ಳುತ್ತದೆ. ಇದಕ್ಕೆ ಮೊಬೈಲು, ಆ್ಯಪ್ಪು ಎಷ್ಟು ಕಾರಣವೋ ತೆರಿಗೆಯೂ ಅಷ್ಟೇ ಕಾರಣ. 2017ರ ಜುಲೈ 1ಕ್ಕೆ ಜಿಎಸ್‌ಟಿ ಬರೋವರೆಗೆ ಕಂಪನಿಗಳು, ಒಂದು ರಾಜ್ಯದಿಂದ ಇನ್ನೊಂದಕ್ಕೆ ಮಾರಿದರೆ ಬೀಳುತ್ತಿದ್ದ ಕೇಂದ್ರ ಮಾರಾಟ ತೆರಿಗೆ ತಪ್ಪಿಸಿಕೊಳ್ಳೋಕೆ, ರಾಜ್ಯಕ್ಕೊಂದು ಸಣ್ಣ ಗೋಡೌನು ಇಡುತ್ತಿದ್ದವು. ಜಿಎಸ್‌ಟಿ ಬಂದಮೇಲೆ ಆ ಕಾರಣ ಹೋಯಿತು. ಗಡಿಯ ತೆರಿಗೆ ಚೆಕ್‌ಪೋಸ್ಟ್‌ಗಳೂ ಹೋದವು. 2018ರ ಏಪ್ರಿಲ್ 1ರಿಂದ ಇ-ವೇ ಬಿಲ್, ಅಂದರೆ ಸರಕು ಸಾಗಿಸೋಕೆ ಆನ್‌ಲೈನ್‌ನಲ್ಲೇ ಮಾಡಿಸುವ ಚೀಟಿ, ಬಂತು, ರಾಜ್ಯದ ಒಳಗಿನ ಸಾಗಣೆಗೂ ಅದನ್ನು ಮೊದಲ ದಿನವೇ ಶುರು ಮಾಡಿದ್ದು ಕರ್ನಾಟಕ. ಸಣ್ಣ ಸಣ್ಣ ಗೋಡೌನುಗಳ ಬದಲು ಒಂದೇ ದೊಡ್ಡದು ಕಟ್ಟುವುದು ಲಾಭದ ಮಾತಾಯಿತು. ಹೊಸಕೋಟೆ, ಮಾಲೂರು, ನೆಲಮಂಗಲ, ದಾಬಸ್‌ಪೇಟೆ ಕಡೆ ಹೋದವರು ನೋಡಿರುತ್ತೀರಿ. ರಾಗಿ ಹೊಲ, ನೀಲಗಿರಿ ತೋಪು ಇದ್ದ ಕಡೆ ಈಗ ಕಣ್ಣು ಹಾಯಿಸಿದಷ್ಟೂ ಉದ್ದಕ್ಕೆ ತಗಡಿನ ಶೆಡ್ಡುಗಳು, ಮುಂದೆ ಸಾಲಾಗಿ ನಿಂತ ಕಂಟೇನರ್ ಲಾರಿಗಳು, ಎದುರುಗಡೆ ಡ್ರೈವರ್‌ಗಳಿಗೆ ಅಂತಲೇ ಎದ್ದ ಢಾಬಾಗಳು.

ದೊಡ್ಡ ಲಾರಿ ಬೆಳಗ್ಗೆ, ಸಂಜೆ ಜನಜಂಗುಳಿಯ ಹೊತ್ತಿನಲ್ಲಿ ಊರೊಳಗೆ ಬರೋಹಾಗಿಲ್ಲ. ಹಾಗಾಗಿ ಸರಕು ಅಲ್ಲೇ ಇಳಿದು, ಪಿನ್‌ಕೋಡ್ ಪ್ರಕಾರ ಬೇರೆಬೇರೆಯಾಗಿ, ರಾತ್ರಿ ಕ್ಯಾಂಟರ್ ಹತ್ತಿ ಬಡಾವಣೆಯ ಹಬ್ಬಿಗೆ, ಅಂದರೆ ಪಾರ್ಸೆಲ್ ವಿಂಗಡಿಸುವ ಸಣ್ಣ ಗೋಡೌನಿಗೆ, ಬಂದು, ಬೆಳಗ್ಗೆ ಸ್ಕೂಟರೋ ಟಾಟಾ ಏಸೋ ಹತ್ತುತ್ತದೆ. ಮೊದಲು ಒಂದು ಲಾರಿ ಮಾಡುತ್ತಿದ್ದ ಕೆಲಸವನ್ನು ಈಗ ಒಂದು ಲಾರಿ, ಮೂರ್ನಾಲ್ಕು ಕ್ಯಾಂಟರ್ ಮತ್ತು ಲೆಕ್ಕ ಇಡೋಕಾಗದಷ್ಟು ದ್ವಿಚಕ್ರ ಗಾಡಿಗಳು ಹಂಚಿಕೊಂಡಿವೆ. ಹೊತ್ತ ಟನ್ನು ಅಷ್ಟೇನೂ ಜಾಸ್ತಿ ಆಗಿರಲಿಕ್ಕಿಲ್ಲ. ಓಡಾಡುವ ಚಕ್ರಗಳು ಜಾಸ್ತಿ ಆಗಿವೆ.

ಇಂಥ ಒಂದು ಹಬ್ ನಮ್ಮ ಕ್ರಾಸಿನಲ್ಲೇ ಇದೆ. ಮೊದಲು ಅಲ್ಲಿ ಒಂದು ಟೈಲರಿಂಗ್ ಯೂನಿಟ್ ಇತ್ತು. ಅದು ಮುಚ್ಚಿದ ಮೇಲೆ ಕೆಲವು ತಿಂಗಳು ಬೀಗ ಬಿದ್ದಿತ್ತು, ಆಮೇಲೆ ಒಂದು ದಿನ ಶಟರ್‌ಗೆ ಹೊಸ ಬಣ್ಣ ಬಂತು. ಬೋರ್ಡು ಮಾತ್ರ ಇವತ್ತಿಗೂ ಇಲ್ಲ. ಬೆಳಗ್ಗೆ ಇನ್ನೂ ಹಾಲಿನವನು ಬರುವ ಮುಂಚೆ ಕ್ಯಾಂಟರ್ ರಿವರ್ಸ್ ಬರುವ ಸದ್ದು ಕೇಳುತ್ತದೆ. ಹಿಂದಿನ ಬಾಗಿಲು ತೆಗೆದರೆ ಒಳಗೆ ಆಳುದ್ದದ ಪ್ಲಾಸ್ಟಿಕ್ ಚೀಲಗಳು, ಒಂದೊಂದರ ಬಾಯಿಗೂ ಸೀಲು, ಸೀಲಿನ ಮೇಲೆ ಬಾರ್‌ಕೋಡು. ಇಬ್ಬರು ಹುಡುಗರು ಎಳೆದು ಎಳೆದು ನೆಲಕ್ಕೆ ಬಿಡುತ್ತಾರೆ. ಒಳಗೆ ಚೀಲ ಕತ್ತರಿಸಿ ನೆಲದ ಮೇಲೆ ಸುರಿದು ಕೂಗುತ್ತಾ ವಿಂಗಡಿಸುತ್ತಾರೆ. ಅಲ್ಲಿ ಬೆಲ್ಟೂ ಇಲ್ಲ, ರೋಬೋಟೂ ಇಲ್ಲ. ಗೋಡೆಗೆ ಬಳಪದಲ್ಲಿ ಏರಿಯಾ ಹೆಸರು ಬರೆದಿದೆ, ಅದರ ಕೆಳಗೆ ಗುಡ್ಡೆ. ಬೀಪ್, ಬೀಪ್ ಅಂತ ಮೊಬೈಲಿನಲ್ಲಿ ಸ್ಕ್ಯಾನು. ಎಂಟು ಗಂಟೆಯ ಹೊತ್ತಿಗೆ ಬೀದಿಯ ಎರಡೂ ಕಡೆ ಸ್ಕೂಟರುಗಳು, ಅವುಗಳ ಮೇಲೆ ಸವಾರನಿಗಿಂತ ದೊಡ್ಡ ಬ್ಯಾಗುಗಳು. ಸ್ಕೂಲ್ ವ್ಯಾನಿಗೆ ಕಾಯುವ ತಾಯಂದಿರು ಮಕ್ಕಳನ್ನು ಪಕ್ಕಕ್ಕೆ ಎಳೆದುಕೊಳ್ಳುತ್ತಾರೆ. ಎದುರು ಮನೆಯ ನಿವೃತ್ತ ಮೇಷ್ಟ್ರು ದಿನಾ ಗೇಟಿಗೆ ಬಂದು ಬೈಯುತ್ತಾರೆ. ಅವರ ಮನೆಗೆ ವಾರದಲ್ಲಿ ಬರುವ ಪಾರ್ಸೆಲ್ಲುಗಳೂ ಅಲ್ಲಿಂದಲೇ ಬರುತ್ತವೆ ಅನ್ನೋದು ಬೇರೆ ಮಾತು.

ಅಲ್ಲಿ ಕೆಲಸ ಮಾಡುವ ರಾಯಚೂರು ಕಡೆಯ ಒಬ್ಬ ಹುಡುಗನ ಪರಿಚಯವಾಗಿದೆ. "ಗಾಡಿ ಹೊಡಿಯೂದ ಏನ್ ದೊಡ್ಡದಲ್ರೀ ಸರ, ಮನಿ ಹುಡುಕೂದರಾಗ ಜೀವ ಹೋಗ್ತದ" ಅಂದ. ಬೆಂಗಳೂರಿನ ವಿಳಾಸ ಗೊತ್ತಲ್ಲ. ನಾಲ್ಕನೇ ಕ್ರಾಸ್, ಎರಡನೇ ಮೇನ್, ಮೂರನೇ ಹಂತ, ಒಂದನೇ ಬ್ಲಾಕ್. ಒಂದು ಅಂಕಿ ಆಚೆ ಈಚೆ ಆದರೆ ಬೇರೆ ಬಡಾವಣೆಯಲ್ಲೇ ಇರುತ್ತೀರಿ. ಐದನೇ ಕ್ರಾಸ್ ಆದಮೇಲೆ ಐದನೇ "ಎ" ಕ್ರಾಸ್ ಬರುತ್ತದೆ, ಅದಾದ ಮೇಲೆ ಆರನೆಯದು ಬರುತ್ತದೆ ಅನ್ನೋ ಗ್ಯಾರಂಟಿ ಇಲ್ಲ. ಹಳೇ ನಂಬರು ಒಂದು, ಹೊಸ ನಂಬರು ಒಂದು. ಕೊನೆಗೆ "ಗಣೇಶನ ಗುಡಿ ಹಿಂದೆ, ನೀರಿನ ಟ್ಯಾಂಕ್ ಎದುರು" ಅನ್ನೋದೇ ಗತಿ. ಅಂಚೆ ಇಲಾಖೆ 2025ರ ಮೇ ತಿಂಗಳಲ್ಲಿ ಡಿಜಿಪಿನ್ ಅಂತ ತಂದಿದೆ. ಇಡೀ ದೇಶವನ್ನು ಹೆಚ್ಚುಕಮ್ಮಿ 4 ಮೀಟರ್ ಉದ್ದ, 4 ಮೀಟರ್ ಅಗಲದ ಚೌಕಗಳಾಗಿ ಮಾಡಿ ಒಂದೊಂದಕ್ಕೂ ಹತ್ತು ಅಕ್ಷರದ ಗುರುತು ಕೊಟ್ಟಿದ್ದಾರೆ. ಒಳ್ಳೆ ಕೆಲಸ. ಆದರೆ ನಮ್ಮ ಬೀದಿಯಲ್ಲಿ ಅದನ್ನು ಯಾರೂ ಬಳಸಿದ್ದು ನೋಡಿಲ್ಲ, ಎಲ್ಲರೂ ಫೋನ್ ಮಾಡಿ "ಸ್ವಲ್ಪ ಮುಂದೆ ಬನ್ನಿ, ಬನ್ನಿ, ಹಾಂ ಅಲ್ಲೇ, ಮೇಲೆ ನೋಡಿ" ಅಂತಲೇ ದಾರಿ ಹೇಳುತ್ತಾರೆ.

ಇಷ್ಟಾದರೂ ಈ ಹಬ್ಬಿನ ಕೆಲಸ ರಸ್ತೆಯ ಮಟ್ಟಿಗೆ ಜಾಣತನದ್ದೇ. ಒಬ್ಬ ಹುಡುಗ ಒಂದು ಏರಿಯಾದ ನಲವತ್ತೈವತ್ತು ಪಾರ್ಸೆಲ್ ತುಂಬಿಕೊಂಡು ಹೊರಟು, ಒಂದು ಬೀದಿ ಮುಗಿಸಿ ಇನ್ನೊಂದಕ್ಕೆ ಹೋಗುತ್ತಾನೆ. ಒಂದು ಪಾರ್ಸೆಲ್ಲಿಗೂ ಇನ್ನೊಂದಕ್ಕೂ ನಡುವೆ ಇನ್ನೂರು ಮುನ್ನೂರು ಮೀಟರ್. ಎರಡು ದಿನ ತಡ ಆದರೂ ಪರವಾಗಿಲ್ಲ ಅಂತ ನಾವು ಬಿಟ್ಟಿದ್ದಕ್ಕೇ ಅದು ಸಾಧ್ಯವಾಯಿತು. ಆ ಎರಡು ದಿನದಲ್ಲಿ ನಮ್ಮ ಬೀದಿಯ ಬೇರೆಯವರ ಸಾಮಾನೂ ಸೇರಿಕೊಂಡಿತು. ಮದುವೆ ಊಟದ ಪಂಕ್ತಿ ಇದ್ದಹಾಗೆ. ಎಲ್ಲರೂ ಒಟ್ಟಿಗೆ ಕೂತರೆ ಒಬ್ಬ ಬಕೆಟ್ ಹಿಡಿದು ಸಾಲಾಗಿ ಬಡಿಸಿಕೊಂಡು ಹೋಗುತ್ತಾನೆ. ಒಬ್ಬೊಬ್ಬರೂ ಒಂದೊಂದು ಹೊತ್ತಿಗೆ ಬಂದು ಈಗಲೇ ಹಾಕಿ ಅಂದರೆ ತಲೆಗೊಬ್ಬ ಬಡಿಸುವವನು ಬೇಕು.

ಹತ್ತು ನಿಮಿಷದ ಡೆಲಿವರಿ ಅಂದರೆ ಈ ತಲೆಗೊಬ್ಬ ಬಡಿಸುವವನ ವ್ಯವಸ್ಥೆ. ಬೆಂಗಳೂರಿನದೇ ಸ್ವಿಗ್ಗಿ 2020ರಲ್ಲಿ ಇನ್‌ಸ್ಟಾಮಾರ್ಟ್ ಶುರು ಮಾಡಿತು, 2021ರಲ್ಲಿ ಝೆಪ್ಟೋ ಬಂತು, ಅದೇ ವರ್ಷದ ಕೊನೆಗೆ ಗ್ರೋಫರ್ಸ್ ಹೆಸರು ಬದಲಿಸಿಕೊಂಡು ಬ್ಲಿಂಕಿಟ್ ಆಯಿತು. ಬಡಾವಣೆಯ ಒಳಗೇ ಡಾರ್ಕ್ ಸ್ಟೋರ್, ಅಂದರೆ ಗಿರಾಕಿ ಒಳಗೆ ಬಾರದ, ಡೆಲಿವರಿಗೆ ಮಾತ್ರ ಇರುವ ಅಂಗಡಿ, ಇಟ್ಟು, ಸುತ್ತಲಿನ ಎರಡು ಮೂರು ಕಿಲೋಮೀಟರಿಗೆ ಮಾತ್ರ ಸಾಮಾನು ಕೊಡೋದು ಇವರ ಲೆಕ್ಕ. ದೂರ ಕಮ್ಮಿ, ನಿಜ. ಆದರೆ ಹುಡುಗ ಒಂದು ಕಟ್ಟು ಕೊತ್ತಂಬರಿ, ಒಂದು ಪ್ಯಾಕೆಟ್ ಮೊಸರು ಹಿಡಿದು ಹೋಗುತ್ತಾನೆ, ಖಾಲಿ ಕೈಯಲ್ಲಿ ವಾಪಸ್ ಬರುತ್ತಾನೆ. ಪಕ್ಕದ ಮನೆಯವರು ಐದು ನಿಮಿಷ ಬಿಟ್ಟು ಆರ್ಡರ್ ಹಾಕಿದರೆ ಅದಕ್ಕೆ ಇನ್ನೊಬ್ಬ ಹೊರಡುತ್ತಾನೆ. ಒಟ್ಟುಮಾಡೋಕೆ ಸಮಯವೇ ಇಲ್ಲ.

ಇನ್ನೊಂದು ವಿಷಯ ಜನರ ಕಣ್ಣಿಗೆ ಬೀಳುವುದೇ ಇಲ್ಲ. ಡಾರ್ಕ್ ಸ್ಟೋರ್ ಅಂದರೆ ಕೆಲವು ಸಾವಿರ ಚದರಡಿ ಜಾಗ, ಅದರೊಳಗೆ ಸಾವಿರಾರು ತರದ ಸಾಮಾನು. ಯಾವುದನ್ನೂ ಜಾಸ್ತಿ ಇಟ್ಟುಕೊಳ್ಳೋಕೆ ಜಾಗ ಇಲ್ಲ. ಮೊಸರು ಖಾಲಿ ಆಯಿತು, ಬ್ರೆಡ್ ಖಾಲಿ ಆಯಿತು ಅಂತ ದೊಡ್ಡ ಗೋಡೌನಿನಿಂದ ಮತ್ತೆ ಮತ್ತೆ ಗಾಡಿ ಬರಬೇಕು. ಮೂಲೆ ಅಂಗಡಿಯ ಶೆಟ್ಟರು ವಾರಕ್ಕೊಂದೆರಡು ಸಲ ಲಗೇಜ್ ಆಟೋದಲ್ಲಿ ಯಶವಂತಪುರದಿಂದ ಮೂಟೆ ತಂದು ಇಡುತ್ತಿದ್ದರು, ಅವರ ಹಿಂದಿನ ಕೋಣೆಯೇ ಗೋಡೌನು. ಇಲ್ಲಿ ದಿನಕ್ಕೇ ಒಂದಕ್ಕಿಂತ ಜಾಸ್ತಿ ಲೋಡು ಬರುತ್ತದೆ. ಮುಂಬಾಗಿಲಲ್ಲಿ ಹುಡುಗರ ಸ್ಕೂಟರುಗಳ ಗುಂಪು, ಹಿಂಬಾಗಿಲಲ್ಲಿ ಟಾಟಾ ಏಸು, ಎರಡೂ ಸೇರಿದರೆ ಮೂವತ್ತಡಿ ರಸ್ತೆಯಲ್ಲಿ ನಮಗೆ ಉಳಿಯುವುದು ಎಷ್ಟು ಅಂತ ಆ ದಾರಿಯಲ್ಲಿ ಸಂಜೆ ಹೋದವರನ್ನೇ ಕೇಳಬೇಕು.

ವಿಶ್ವ ಆರ್ಥಿಕ ವೇದಿಕೆ 2020ರಲ್ಲಿ ಒಂದು ವರದಿ ತಂದಿತ್ತು. ಹೀಗೇ ಬಿಟ್ಟರೆ ಜಗತ್ತಿನ ದೊಡ್ಡ 100 ನಗರಗಳಲ್ಲಿ ಡೆಲಿವರಿ ವಾಹನಗಳು 2030ರ ಹೊತ್ತಿಗೆ ಶೇಕಡಾ 36ರಷ್ಟು ಜಾಸ್ತಿ ಆಗುತ್ತವೆ, ಜಾಮ್‌ನಲ್ಲಿ ಕಳೆಯುವ ಹೊತ್ತು ಶೇಕಡಾ 21ರಷ್ಟು ಏರುತ್ತದೆ ಅಂತ ಅದರ ಅಂದಾಜು. ಆ ವರದಿ ಬಂದಾಗ ನಮ್ಮಲ್ಲಿ ಹತ್ತು ನಿಮಿಷದ ಆಟ ಇನ್ನೂ ಶುರುವೇ ಆಗಿರಲಿಲ್ಲ.

ಇನ್ನು ಪೆಟ್ಟಿಗೆಗಳ ಕತೆ. ಒಂದು ಮೊಬೈಲ್ ಕವರ್ ತರಿಸಿದರೆ ಶೂ ಹಿಡಿಯುವಷ್ಟು ದೊಡ್ಡ ಪೆಟ್ಟಿಗೆ ಬರುತ್ತದೆ, ಒಳಗೆ ಗಾಳಿ ತುಂಬಿದ ಪ್ಲಾಸ್ಟಿಕ್ ದಿಂಬುಗಳು. ನಾವು ಫೋಟೋ ಹಾಕಿ ನಗುತ್ತೇವೆ. ಕೊರಿಯರ್‌ನವರಿಗೆ ಇದು ನಗುವ ವಿಷಯ ಅಲ್ಲ. ಅವರು ತೂಕವನ್ನೂ ನೋಡುತ್ತಾರೆ, ಗಾತ್ರವನ್ನೂ ನೋಡುತ್ತಾರೆ. ಉದ್ದ, ಅಗಲ, ಎತ್ತರ ಸೆಂಟಿಮೀಟರಿನಲ್ಲಿ ಅಳೆದು, ಗುಣಿಸಿ, ಸಾಮಾನ್ಯವಾಗಿ 5,000ದಿಂದ ಭಾಗಿಸುತ್ತಾರೆ. 40 ಸೆಂ.ಮೀ. ಉದ್ದ, 30 ಅಗಲ, 20 ಎತ್ತರದ ಪೆಟ್ಟಿಗೆ ಆದರೆ ಲೆಕ್ಕದಲ್ಲಿ 4.8 ಕೆಜಿ, ಒಳಗೆ ಇರೋದು ಕಾಲು ಕೆಜಿ ಆದರೂ ಸರಿ. ಯಾಕೆಂದರೆ ಇಂಥ ಲಾರಿಗಳು ಭಾರಕ್ಕಿಂತ ಮೊದಲು ಜಾಗಕ್ಕೆ ತುಂಬಿಹೋಗುತ್ತವೆ. ಹೊಸಕೋಟೆಯಿಂದ ಹೊರಟ ಲಾರಿ ಹೊತ್ತು ತರೋದರಲ್ಲಿ ಒಂದು ಪಾಲು ಬರೀ ಗಾಳಿ. ಆ ಗಾಳಿಗೂ ಡೀಸೆಲ್ ಸುಡುತ್ತದೆ, ಟೋಲ್ ಕಟ್ಟುತ್ತೇವೆ.

ವಾಪಸ್ ಹೋಗೋ ಸಾಮಾನಿನದ್ದು ಇನ್ನೂ ದೊಡ್ಡ ತಲೆನೋವು. ಸಾಮಾನು ಬಾಗಿಲಿಗೆ ಬಂದಮೇಲೆ ಹಣ ಅನ್ನೋದು ನಮಗೆ ಹೊಸದಲ್ಲ. ಪಾರ್ಸೆಲ್ ಬಂದಾಗ ದುಡ್ಡು ಕೊಟ್ಟು ಬಿಡಿಸಿಕೊಳ್ಳುವ ವಿಪಿಪಿಯನ್ನು ಅಂಚೆಯವರು 1877ರಲ್ಲೇ ತಂದಿದ್ದರು. ಪೋಸ್ಟ್‌ಕಾರ್ಡ್ ಬರೆದು ಪುಸ್ತಕ ತರಿಸಿ, ಪೋಸ್ಟ್‌ಮ್ಯಾನ್ ಕೈಗೆ ದುಡ್ಡು ಕೊಟ್ಟು ಬಿಡಿಸಿಕೊಂಡ ನೆನಪು ನಮ್ಮಲ್ಲಿ ಎಷ್ಟೋ ಜನಕ್ಕೆ ಇರುತ್ತದೆ. 2007ರಲ್ಲಿ ಪುಸ್ತಕ ಮಾರೋಕೆ ಶುರು ಮಾಡಿದ ಫ್ಲಿಪ್‌ಕಾರ್ಟ್ 2010ರಲ್ಲಿ ಕ್ಯಾಶ್ ಆನ್ ಡೆಲಿವರಿ ತಂದಾಗ ಕಾರ್ಡೇ ಇಲ್ಲದ ಜನರೂ ಧೈರ್ಯವಾಗಿ ಆರ್ಡರ್ ಹಾಕೋಕೆ ಶುರು ಮಾಡಿದರು. ಆ ಧೈರ್ಯಕ್ಕೆ ಬೆಲೆ ಇದೆ. ದುಡ್ಡು ಕೊಟ್ಟಿಲ್ಲವಾದ್ದರಿಂದ ಬೇಡ ಅನ್ನೋದೂ ಸುಲಭ. ಹುಡುಗ ಬಾಗಿಲಿಗೆ ಬಂದರೆ "ಯಜಮಾನರು ಮನೇಲಿಲ್ಲ, ನಾಳೆ ಬಾಪ್ಪಾ." ನಾಳೆ ಫೋನ್ ಸ್ವಿಚ್ ಆಫ್. ಮೂರನೇ ದಿನ "ಈಗ ಬೇಡ, ಅಂಗಡೀಲೇ ತಗೊಂಡ್ವಿ." ಒಂದು ಕುರ್ತಾ ಹೀಗೆ ಮೂರು ಸಲ ಬೀದಿ ಸುತ್ತಿ, ಮತ್ತೆ ಹಬ್ಬಿಗೆ, ಹಬ್ಬಿನಿಂದ ಹೊಸಕೋಟೆಗೆ, ಅಲ್ಲಿಂದ ಸೂರತ್‌ಗೆ ಹೋಗುತ್ತದೆ. ಮಾರಾಟ ಮಾತ್ರ ಸೊನ್ನೆ. ಅಳತೆ ಸರಿ ಇರುತ್ತೋ ಇಲ್ಲವೋ ಅಂತ ಎಂ, ಎಲ್, ಎಕ್ಸ್‌ಎಲ್ ಮೂರೂ ತರಿಸಿ ಒಂದು ಇಟ್ಟುಕೊಂಡು ಎರಡು ವಾಪಸ್ ಕಳಿಸುವವರು ನಮ್ಮ ಆಫೀಸಿನಲ್ಲೇ ಇದ್ದಾರೆ. ರಿಟರ್ನ್ ಫ್ರೀ ಅಂತ ಬರೆದಿರುತ್ತದಲ್ಲ, ಅವರು ತಾನೆ ಏನು ಮಾಡುತ್ತಾರೆ.

ಹಬ್ಬದ ಸೀಸನ್‌ನಲ್ಲಿ ಇದೆಲ್ಲಾ ಒಂದೇ ಸಲ ಉಕ್ಕುತ್ತದೆ. ಫ್ಲಿಪ್‌ಕಾರ್ಟ್‌ನ ಬಿಗ್ ಬಿಲಿಯನ್ ಡೇ ಅಂತ ಮೊದಲು ನಡೆದಿದ್ದು 2014ರ ಅಕ್ಟೋಬರ್ 6ಕ್ಕೆ, ಆಗ ಅದು ಒಂದೇ ದಿನದ ಜಾತ್ರೆ. ಈಗ ದಸರಾದಿಂದ ದೀಪಾವಳಿವರೆಗೂ ಒಂದಲ್ಲ ಒಂದು ಕಡೆ ಸೇಲು. 2023ರಲ್ಲಿ ಅಮೆಜಾನ್, ಫ್ಲಿಪ್‌ಕಾರ್ಟ್ ಎರಡೂ ಆ ಸೀಸನ್ನಿಗೆ ಅಂತ ತಲಾ ಒಂದು ಲಕ್ಷದಷ್ಟು ಕೆಲಸ ಕೊಡುತ್ತೇವೆ ಅಂದಿದ್ದವು. ಆಗ ನಮ್ಮ ಕ್ರಾಸಿನ ಹಬ್ ನೋಡಬೇಕು. ಶಟರ್ ಒಳಗೆ ಜಾಗ ಸಾಲದೆ ಫುಟ್‌ಪಾತ್ ಮೇಲೇ ಟಾರ್ಪಾಲು ಹಾಸಿ ವಿಂಗಡಿಸುತ್ತಾರೆ, ಮಳೆ ಬಂದರೆ ಓಡಿ ಓಡಿ ಒಳಗೆ ಎಸೆಯುತ್ತಾರೆ.

ಲಗೇಜ್ ಆಟೋದವರ ಕಡೆಯಿಂದ ನೋಡಿದರೆ ಕತೆ ಸ್ವಲ್ಪ ಬೇರೆ. ಟಾಟಾ ಏಸ್ ಬಂದಿದ್ದು 2005ರಲ್ಲಿ, ಆ್ಯಪ್‌ಗಳು ಬರೋಕೆ ಎಷ್ಟೋ ವರ್ಷ ಮುಂಚೆ. ಆಗ ಡ್ರೈವರ್‌ಗಳು ಮಾರ್ಕೆಟ್ ಹತ್ತಿರದ ಸ್ಟ್ಯಾಂಡಿನಲ್ಲಿ ಗಾಡಿ ನಿಲ್ಲಿಸಿ ಬಾಡಿಗೆಗೆ ಕಾಯುತ್ತಿದ್ದರು. ಬಾಡಿಗೆ ಸಿಕ್ಕಿದರೂ ಸಾಮಾನು ಇಳಿಸಿದ ಮೇಲೆ ಖಾಲಿ ವಾಪಸ್ ಬರಬೇಕಿತ್ತು. 2014ರಲ್ಲಿ ಶುರುವಾದ ಪೋರ್ಟರ್ ಥರದ ಆ್ಯಪ್‌ಗಳು ಬಂದಮೇಲೆ ಇಳಿಸಿದ ಕಡೆಯೇ ಇನ್ನೊಂದು ಬಾಡಿಗೆ ಸಿಗುವ ಸಾಧ್ಯತೆ ಹುಟ್ಟಿತು. ಖಾಲಿ ಓಡಾಟ ಕಮ್ಮಿ ಆಗುವುದು ರಸ್ತೆಗೂ ಒಳ್ಳೆಯದೇ. ಆದರೆ ನಾನು ಮಾತಾಡಿಸಿದ ಒಬ್ಬ ಡ್ರೈವರ್ ಹೇಳಿದ್ದು: "ಬಾಡಿಗೆ ಬರುತ್ತೆ ಸಾರ್, ಮೊದ್ಲಿಗಿಂತ ಜಾಸ್ತೀನೇ ಬರುತ್ತೆ. ರೇಟ್ ಮಾತಾಡೋ ಹಂಗಿಲ್ಲ, ಅಷ್ಟೇ. ಮೂರನೇ ಮಹಡಿಗೆ ಫ್ರಿಡ್ಜ್ ಹತ್ತಿಸ್ಬೇಕು ಅಂತ ಅಲ್ಲಿಗೆ ಹೋದ್ಮೇಲೆ ಗೊತ್ತಾಗುತ್ತೆ."

ಪಾರ್ಸೆಲ್ ಅಂದಾಗ ಬೆಂಗಳೂರಿನ ಒಂದು ತಮಾಷೆ ಹೇಳಲೇಬೇಕು. 2025ರ ಜೂನ್ 16ರಿಂದ ರಾಜ್ಯದಲ್ಲಿ ಬೈಕ್ ಟ್ಯಾಕ್ಸಿ ನಿಂತಾಗ ಆ್ಯಪ್‌ಗಳಲ್ಲಿ ಬೈಕ್ ಪಾರ್ಸೆಲ್ ಅನ್ನೋ ಆಯ್ಕೆ ಎದ್ದು ಕಾಣೋಕೆ ಶುರುವಾಯಿತು. ಜನ ತಮ್ಮನ್ನೇ ಪಾರ್ಸೆಲ್ ಅಂತ ಬುಕ್ ಮಾಡಿಕೊಂಡು ಹಿಂದೆ ಕೂತು ಹೋದರು. ನಗು ಬರುತ್ತದೆ. ಆದರೆ ಒಂದು ಗಾಡಿ ಸರಕಿಗೋ ಜನಕ್ಕೋ ಅಂತ ಬೇರೆ ಮಾಡೋದು ಈಗ ಎಷ್ಟು ಕಷ್ಟ ಅಂತಲೂ ಗೊತ್ತಾಗುತ್ತದೆ. ಬೆಳಗ್ಗೆ ತಿಂಡಿ, ಮಧ್ಯಾಹ್ನ ಔಷಧಿ, ಸಂಜೆ ಮನುಷ್ಯ, ಎಲ್ಲಾ ಒಂದೇ ಸ್ಕೂಟರು. ಬಿಳಿ ಬೋರ್ಡಿನ ಈ ಗಾಡಿಗಳು ಸರಕು ವಾಹನದ ಲೆಕ್ಕದಲ್ಲಿ ಇಲ್ಲ. ಹಾಗಾಗಿ ಊರಿನ ಸರಕು ಸಾಗಣೆ ಎಷ್ಟು ಅಂತ ಹಳದಿ ಬೋರ್ಡ್ ಮಾತ್ರ ಎಣಿಸುವವನಿಗೆ ಅರ್ಧ ಚಿತ್ರವೂ ಸಿಗುವುದಿಲ್ಲ.

ಈ ಹುಡುಗರ ಬಗ್ಗೆ ಎರಡು ಮಾತು. ನೀತಿ ಆಯೋಗದ 2022ರ ವರದಿಯ ಪ್ರಕಾರ ದೇಶದಲ್ಲಿ 2020-21ರಲ್ಲಿ 77 ಲಕ್ಷ ಗಿಗ್ ಕೆಲಸಗಾರರಿದ್ದರು (ಸಂಬಳದ ನೌಕರಿ ಇಲ್ಲದೆ ಮಾಡಿದ ಕೆಲಸಕ್ಕೆ ಇಷ್ಟು ಅಂತ ದುಡಿಯುವವರು), 2029-30ಕ್ಕೆ 2.35 ಕೋಟಿ ಆಗುತ್ತಾರೆ. ಕರ್ನಾಟಕ 2025ರಲ್ಲಿ ಇವರಿಗಾಗಿ ಒಂದು ಕಾನೂನು ತಂದಿದೆ, ಒಂದೊಂದು ಆರ್ಡರಿಗೂ ಕೆಲಸಗಾರನಿಗೆ ಕೊಡುವ ಹಣದ ಮೇಲೆ ಶೇಕಡಾ 1ರಿಂದ 5ರವರೆಗೆ ಕಂಪನಿ ಕಲ್ಯಾಣ ನಿಧಿಗೆ ಕಟ್ಟಬೇಕು. ಆಗಬೇಕಾದ ಕೆಲಸ. ಆದರೆ ಟ್ರಿಪ್ಪಿಗೆ ಇಷ್ಟು ಅಂತ ದುಡ್ಡು ಇರೋವರೆಗೆ ಹುಡುಗ ಒನ್‌ವೇಯಲ್ಲಿ ನುಗ್ಗುತ್ತಾನೆ, ಫುಟ್‌ಪಾತ್ ಹತ್ತುತ್ತಾನೆ. ಅವನನ್ನು ಬೈದು ಏನೂ ಉಪಯೋಗ ಇಲ್ಲ. ಗಡಿಯಾರ ಅವನ ಕೈಯಲ್ಲಿಲ್ಲ.

ಬೆಂಗಳೂರು ಬಿಟ್ಟು ಆಚೆ ಹೋದರೆ ಇದೇ ವ್ಯವಸ್ಥೆಯ ಒಳ್ಳೆ ಮುಖ ಕಾಣುತ್ತದೆ, ಅದನ್ನು ಹೇಳದಿದ್ದರೆ ಅನ್ಯಾಯ. ತೀರ್ಥಹಳ್ಳಿ ಕಡೆ ನಮ್ಮ ಚಿಕ್ಕಪ್ಪನ ಮನೆ ರಸ್ತೆಯಿಂದ ಒಳಗೆ ತೋಟದ ನಡುವೆ ಇದೆ. ಅಲ್ಲಿಗೆ ಯಾರೂ ಬರುವುದಿಲ್ಲ. ಪಾರ್ಸೆಲ್ಲು ಬಸ್ ಸ್ಟಾಪಿನ ಅಂಗಡಿಯಲ್ಲಿ ಇಳಿಯುತ್ತದೆ, ಇಡೀ ಊರಿನದ್ದು ಒಟ್ಟಿಗೆ. ಚಿಕ್ಕಪ್ಪ ಹಾಲು ಹಾಕೋಕೆ ಡೈರಿಗೆ ಹೋದಾಗ ತಂದುಕೊಳ್ಳುತ್ತಾರೆ. ಮೋಟಾರಿನ ಬಿಡಿಭಾಗಕ್ಕೆ ಶಿವಮೊಗ್ಗಕ್ಕೆ ಒಂದು ದಿನ ಕಳೆದುಕೊಂಡು ಹೋಗುತ್ತಿದ್ದವರಿಗೆ ಇದು ನಿಜವಾದ ಉಳಿತಾಯ. ಅತ್ತ ಹುಬ್ಬಳ್ಳಿ, ಬಾಗಲಕೋಟೆ ಕಡೆಯಿಂದ ಶೇಂಗಾ ಚಟ್ನಿ ಪುಡಿ, ಖಡಕ್ ರೊಟ್ಟಿ, ಇಳಕಲ್ ಸೀರೆ ವಾಟ್ಸಾಪಿನಲ್ಲೇ ಆರ್ಡರ್ ಆಗಿ ಬೆಂಗಳೂರಿಗೆ ಬರುತ್ತವೆ. ಮೊದಲೂ ಬರುತ್ತಿದ್ದವು, ರಾತ್ರಿ ಬಸ್ಸಿನ ಡ್ರೈವರ್ ಕೈಗೆ ಕೊಟ್ಟು, ಬೆಳಗ್ಗೆ ಮೆಜೆಸ್ಟಿಕ್‌ನಲ್ಲೋ ಆನಂದರಾವ್ ಸರ್ಕಲ್‌ನಲ್ಲೋ ಕಾದು ಇಸಿದುಕೊಂಡು. ಕೆಎಸ್‌ಆರ್‌ಟಿಸಿ 2021ರಲ್ಲಿ ನಮ್ಮ ಕಾರ್ಗೋ ಅಂತ ಅದೇ ಕೆಲಸಕ್ಕೆ ರಸೀದಿ ಕೊಟ್ಟಿತು, 2023ರ ಕೊನೆಗೆ ತನ್ನದೇ ಟ್ರಕ್‌ಗಳನ್ನೂ ಇಳಿಸಿತು. ಹೇಗೂ ಹೋಗೋ ಬಸ್ಸಿನ ಹೊಟ್ಟೆಯಲ್ಲಿ ಸಾಮಾನು ಹೋಗುವುದಕ್ಕಿಂತ ಅಗ್ಗದ, ರಸ್ತೆಗೆ ಭಾರವಾಗದ ಸಾಗಣೆ ಬೇರೆ ಇಲ್ಲ. ಇದರ ಬಗ್ಗೆ ಯಾಕೆ ಯಾರೂ ದೊಡ್ಡದಾಗಿ ಮಾತಾಡುವುದಿಲ್ಲವೋ.

ಎಲ್ಲದಕ್ಕೂ ಎಲೆಕ್ಟ್ರಿಕ್ ಗಾಡಿಯೇ ಮದ್ದು ಅನ್ನುವವರಿದ್ದಾರೆ. ಹೊಗೆಗೆ, ಸದ್ದಿಗೆ ಖಂಡಿತ ಮದ್ದು. ಫ್ಲಿಪ್‌ಕಾರ್ಟ್ 2030ಕ್ಕೆ 25,000 ಎಲೆಕ್ಟ್ರಿಕ್ ಗಾಡಿ ಅಂದಿದೆ, ಅಮೆಜಾನ್ 2025ಕ್ಕೆ 10,000 ಅಂದಿತ್ತು. ಬಾಡಿಗೆಗೆ ಸಿಗುವ ಯುಲು ಎಲೆಕ್ಟ್ರಿಕ್ ಗಾಡಿಯಲ್ಲಂತೂ ಗಂಟೆಗೆ 25 ಕಿಲೋಮೀಟರಿಗಿಂತ ಜಾಸ್ತಿ ಹೋಗೋಕಾಗದು, ಲೈಸೆನ್ಸೂ ಬೇಡ, ಊರಿಂದ ಬಂದ ಹುಡುಗ ಮರುದಿನವೇ ಕೆಲಸಕ್ಕೆ ಇಳಿಯಬಹುದು. ಆದರೆ ಎರಡನೇ ಸಾಲಿನಲ್ಲಿ ನಿಂತ ಎಲೆಕ್ಟ್ರಿಕ್ ಆಟೋ ಡೀಸೆಲ್ ಆಟೋದಷ್ಟೇ ರಸ್ತೆ ತಡೆಯುತ್ತದೆ. ನಮ್ಮ ಜಗಳ ಇಂಧನದ್ದಕ್ಕಿಂತ ಜಾಗದ್ದು. ಅಪಾರ್ಟ್‌ಮೆಂಟ್ ಕಟ್ಟುವಾಗ ಕಾರಿಗೆ ಜಾಗ ಬಿಡಲೇಬೇಕು ಅಂತ ನಿಯಮ ಇದೆ, ಎರಡು ಅಡಿ ಅಗಲದ ಲಾಕರ್ ಇಟ್ಟು ಎಲ್ಲಾ ಮನೆಯ ಪಾರ್ಸೆಲ್ ಒಂದೇ ಕಡೆ ಬಿಟ್ಟುಹೋಗುವ ವ್ಯವಸ್ಥೆ ಮಾಡಿದವರು ಕಮ್ಮಿ. ಇನ್ನೂರು ಮನೆ ಇರೋ ಕಡೆ ಹುಡುಗ ಗೇಟಿನಲ್ಲಿ ಎಂಟ್ರಿ ಮಾಡಿಸಿ, ಸರ್ವಿಸ್ ಲಿಫ್ಟಿಗೆ ಕಾದು, ಎಲ್ಲಾ ಮಹಡಿ ಸುತ್ತಿ ಬರೋವರೆಗೆ ಅವನ ಗಾಡಿ ಹೊರಗಿನ ರಸ್ತೆಯಲ್ಲೇ ನಿಂತಿರುತ್ತದೆ. ಸಾಮಾನು ಇಳಿಸೋಕೆ ಅಂತ ಗೆರೆ ಹೊಡೆದು ಬಿಟ್ಟ ಹತ್ತಡಿ ಜಾಗ ನಮ್ಮ ಬಡಾವಣೆಯಲ್ಲಿ ನಾನು ಒಂದೂ ನೋಡಿಲ್ಲ.

ನ್ಯೂಯಾರ್ಕಿನಲ್ಲಿ 2009-10ರ ಸುಮಾರಿಗೆ ಅಂಗಡಿಗಳಿಗೆ ಸರಕನ್ನು ರಾತ್ರಿ ಹೊತ್ತು ಇಳಿಸುವ ಪ್ರಯೋಗ ಮಾಡಿದರು. ಲಾರಿಯವರನ್ನು ಒತ್ತಾಯಿಸುವ ಬದಲು ಸಾಮಾನು ಇಸಿದುಕೊಳ್ಳುವ ಅಂಗಡಿಗೇ ಪ್ರೋತ್ಸಾಹಧನ ಕೊಟ್ಟರು. ಗಾಡಿ ಎಷ್ಟು ಹೊತ್ತಿಗೆ ಬರಬೇಕು ಅಂತ ನಿರ್ಧಾರ ಮಾಡೋದು ಡ್ರೈವರ್ ಅಲ್ಲ, ತರಿಸಿಕೊಳ್ಳುವವನು, ಅನ್ನೋದು ಅವರಿಗೆ ಗೊತ್ತಿತ್ತು. ನಮ್ಮ ಆ್ಯಪ್‌ಗಳಲ್ಲೂ ಹೀಗೆ ಮಾಡೋಕೆ ಬರುತ್ತದೆ. "ಈ ಬೀದಿಗೆ ಗುರುವಾರ ಹೇಗೂ ಗಾಡಿ ಬರುತ್ತದೆ, ಅಲ್ಲಿವರೆಗೆ ಕಾದರೆ ಇಪ್ಪತ್ತು ರೂಪಾಯಿ ಕಮ್ಮಿ" ಅಂತ ತೋರಿಸಲಿ ನೋಡೋಣ. ನಮ್ಮ ಜನ ಇಪ್ಪತ್ತು ರೂಪಾಯಿಗೆ ಖಂಡಿತ ಕಾಯುತ್ತಾರೆ. ಕೆಲವು ಕಡೆ ನಿಧಾನ ಡೆಲಿವರಿಗೆ ಸಣ್ಣ ರಿಯಾಯಿತಿ ಇದೆ, ಆದರೆ ಅದು ಪುಟದ ಕೆಳಗೆಲ್ಲೋ ಸಣ್ಣ ಅಕ್ಷರದಲ್ಲಿ ಇರುತ್ತದೆ. ಬೇಗ ತರಿಸಿಕೊಳ್ಳಿ ಅನ್ನೋ ಗುಂಡಿ ಮಾತ್ರ ಹೆಬ್ಬೆರಳಿನ ಕೆಳಗೇ ಇರುತ್ತದೆ.

ಕಳೆದ ತಿಂಗಳು ನಮ್ಮ ಕ್ರಾಸಿನ ನಿವಾಸಿಗಳ ಸಂಘದ ಮೀಟಿಂಗಿನಲ್ಲಿ ಹಬ್ ಎತ್ತಿಸಬೇಕು ಅಂತ ಮಾತು ಬಂತು. ಬೆಳಗ್ಗೆ ಸ್ಕೂಲ್ ವ್ಯಾನ್ ಬರೋ ಅರ್ಧ ಗಂಟೆ ಮಾತ್ರ ಸ್ಕೂಟರುಗಳನ್ನು ಪಕ್ಕದ ಖಾಲಿ ಸೈಟಿನಲ್ಲಿ ನಿಲ್ಲಿಸಲಿ, ಸಾಕು, ಅಂತ ನಾನು ಹೇಳಿದೆ. ಖಾಲಿ ಸೈಟಿನ ಓನರ್ ಅಮೆರಿಕದಲ್ಲಿದ್ದಾರೆ, ಅವರಿಗೆ ಯಾರು ಕೇಳಬೇಕು ಅನ್ನೋ ಚರ್ಚೆ ಇನ್ನೂ ಗ್ರೂಪಿನಲ್ಲಿ ನಡೀತಾ ಇದೆ.